ಅಂಚೆಯಲ್ಲಿ ಬಂದ ಮೊಟ್ಟೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಒಕ್ಕಲು ಮನೆಗಳಲ್ಲಿ ಕೋಳಿ ಸಾಕಣೆಯು ತಲೆಮಾರುಗಳಿಂದ ನಡೆದುಬಂದಿದೆ. ಹೇಂಟೆಯು ಕಾವಿಗೆ ಕುಳಿತಿತೆಂದರೆ ಬುಟ್ಟಿಯೊಂದಕ್ಕೆ ಒಣಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆಗಳನ್ನಿರಿಸಿ, ಮಬ್ಬುಗತ್ತಲೆಯ ಮೂಲೆಯಲ್ಲಿ ಅದನ್ನು ಕುಳ್ಳಿರಿಸಿದರೆ ಮನೆಯವರ ಕೆಲಸ ಮುಗಿಯಿತು. ಉಳಿದುದೆಲ್ಲ ಹೇಂಟೆಯ ಪಾಲಿನದು. ಇಪ್ಪತ್ತೊಂದು ದಿನಗಳ ಬಳಿಕ ಬುಟ್ಟಿಯಿಂದ ಮರಿಗಳ ದನಿ ಕೇಳಿಬರುತ್ತಿತ್ತು. ಆ ಮೊಟ್ಟೆಗಳು ಅದೇ ಹಿತ್ತಲಿನವು, ಇಲ್ಲವೇ ನೆರೆಮನೆಯಿಂದ ಬದಲಾಯಿಸಿ ತಂದವು. ಇಂದು ಮೊಟ್ಟೆಯು ನೆರೆಮನೆಯಿಂದಲೇ ಬರಬೇಕಾಗಿಲ್ಲ. ದೂರವಾಣಿಯಲ್ಲಿ ಚಿತ್ರ ನೋಡಿ, ಹಣ ಕಳುಹಿಸಿದರೆ, ಹೊಟ್ಟಿನ ನಡುವೆ ಹುದುಗಿಸಿದ ಮೊಟ್ಟೆಗಳು ಅಂಚೆಯ ಮೂಲಕವೋ ಕೊರಿಯರ್ ಮೂಲಕವೋ ಮನೆಬಾಗಿಲಿಗೆ ಬಂದಿಳಿಯುತ್ತವೆ. ಜೊತೆಗೆ ವಿದ್ಯುತ್ತಿನಿಂದ ನಡೆಯುವ ಪುಟ್ಟ ಕಾವುಪೆಟ್ಟಿಗೆಯೂ ಬರುತ್ತದೆ. ಈ ಹೊಸ ಅನುಕೂಲವನ್ನು ಹೇಗೆ ಬಳಸಬೇಕೆಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ಈ ಪದ್ಧತಿಯಲ್ಲಿ ಒಳಿತಿಲ್ಲವೆಂದು ಹೇಳಲಾಗದು. ಜೀವಂತ ಕೋಳಿಗಳನ್ನು ಸಾಗಿಸುವುದು ಕಷ್ಟ, ಆ ಪ್ರಾಣಿಗಳಿಗೂ ಹಿಂಸೆ. ಒಂದು ಡಜನ್ ಮೊಟ್ಟೆಗಳಾದರೋ ಒಂದು ಸಣ್ಣ ಪೆಟ್ಟಿಗೆಯಲ್ಲಿ ಅಡಗುತ್ತವೆ. ಮಧ್ಯಪ್ರದೇಶದ ಝಾಬುವಾ ಪ್ರದೇಶದ ಕಪ್ಪು ಮಾಂಸದ ಕಡಕನಾಥ್ ಕೋಳಿಗೆ ೨೦೧೮ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅಲ್ಲಿಗೆ ಎಂದೂ ಹೋಗದ ಕರಾವಳಿಯ ಬಡ ಕೃಷಿಕನೂ ಆ ತಳಿಯನ್ನು ತನ್ನ ಹಿತ್ತಲಿನಲ್ಲಿ ಕಾಣಬಹುದಾದುದು ಈ ಅನುಕೂಲದಿಂದಲೇ. ಆದರೆ ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಇಲ್ಲಿ ಮರೆಯಬಾರದು. ಚಿತ್ರದಲ್ಲಿ ಕಂಡ ಕೋಳಿಗೂ ಪೆಟ್ಟಿಗೆಯೊಳಗಿನ ಮೊಟ್ಟೆಗೂ ನಡುವೆ ಬಹು ದೂರವಿದೆ.

ಅಂಚೆಯಲ್ಲಿ ಬರುವ ಇತರ ಸಾಮಾನುಗಳಂತೆ ಮೊಟ್ಟೆಯು ಜಡವಸ್ತುವಲ್ಲ. ಫಲಿತ ಮೊಟ್ಟೆಯನ್ನು ಕೋಳಿ ಇಡುವ ವೇಳೆಗಾಗಲೇ ಅದರೊಳಗಿನ ಭ್ರೂಣದಲ್ಲಿ ಸಾವಿರಾರು ಜೀವಕೋಶಗಳು ಮೂಡಿರುತ್ತವೆ. ಮೊಟ್ಟೆಯು ತಣ್ಣಗಾದಾಗ ಆ ಬೆಳವಣಿಗೆ ನಿಲ್ಲುತ್ತದೆ. ಅದು ಸತ್ತುದಲ್ಲ, ನಿದ್ರಿಸುತ್ತಿರುವ ಜೀವ. ಸುಮಾರು ೧೩ರಿಂದ ೧೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಅದು ಒಂದು ವಾರದವರೆಗೆ ಕ್ಷೇಮವಾಗಿರುತ್ತದೆ. ದಿನ ಕಳೆದಂತೆಲ್ಲ ಮರಿಯಾಗುವ ಶಕ್ತಿ ಕುಗ್ಗುತ್ತದೆ. ಉಷ್ಣತೆಯು ೨೪ ಡಿಗ್ರಿಯನ್ನು ಮೀರಿದರೆ ಭ್ರೂಣವು ಅರೆಬರೆಯಾಗಿ ಎಚ್ಚತ್ತು ಬೆಳೆಯತೊಡಗುತ್ತದೆ. ಬೆಳೆಯಲು ಸಾಕಾಗುವಷ್ಟು ಕಾವಿಲ್ಲ, ನಿದ್ರಿಸಲು ಬೇಕಾದಷ್ಟು ತಂಪಿಲ್ಲ. ಇಂಥ ಸ್ಥಿತಿಯಲ್ಲಿ ಅದು ದುರ್ಬಲವಾಗಿ ಅಳಿದುಹೋಗುತ್ತದೆ.

ಝಾಬುವಾದಿಂದ ಕುಂದಾಪುರಕ್ಕೆ ಹಕ್ಕಿ ಹಾರುವ ಹಾದಿಯಲ್ಲೇ ಸುಮಾರು ೧೦೦೦ ಕಿಲೋಮೀಟರು. ಮೇ ತಿಂಗಳ ಸೆಕೆಯಲ್ಲಿ ಮುಚ್ಚಿದ ವಾಹನದೊಳಗೆ ಮೂರು ನಾಲ್ಕು ದಿನ ಕಳೆಯುವ ಮೊಟ್ಟೆಯ ಗತಿಯೇನೆಂದು ಊಹಿಸಿಕೊಳ್ಳಬಹುದು. ಇದಕ್ಕೆ ದಾರಿಯ ಕುಲುಕಾಟವೂ ಸೇರುತ್ತದೆ. ಮೊಟ್ಟೆಯ ಅಗಲವಾದ ತುದಿಯಲ್ಲಿ ಚಿಕ್ಕದೊಂದು ಗಾಳಿಕೋಶವಿದೆ. ಹೊರಬರುವ ಮುನ್ನ ಮರಿಯು ಮೊದಲ ಉಸಿರನ್ನೆಳೆಯುವುದು ಅದರಿಂದಲೇ. ಕುಲುಕಾಟದಿಂದ ಆ ಕೋಶದ ಪೊರೆ ಸಡಿಲಗೊಂಡರೆ ಹೊರಗಿನ ಚಿಪ್ಪು ಬಿರಿಯದಿದ್ದರೂ ಒಳಗಿನ ಮನೆ ಮುರಿದಂತೆಯೇ. ಆದುದರಿಂದಲೇ ದೂರದಿಂದ ಬಂದ ಮೊಟ್ಟೆಗಳನ್ನು ಕೂಡಲೇ ಕಾವಿಗಿಡದೆ, ಚೂಪಾದ ತುದಿ ಕೆಳಗಾಗುವಂತೆ ಒಂದು ಹಗಲು ಒಂದು ರಾತ್ರಿ ಅಲುಗಾಡದಂತಿರಿಸಬೇಕೆಂದು ಬಲ್ಲವರು ಹೇಳುತ್ತಾರೆ. ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಹೀಗೆ ಬಂದ ಮೊಟ್ಟೆಗಳಲ್ಲಿ ಅರ್ಧದಷ್ಟೇ ಮರಿಯಾದರೆ ಅಚ್ಚರಿಪಡಬೇಕಾಗಿಲ್ಲ. ಕೊಳ್ಳುವವನು ಮೊಟ್ಟೆಯ ಬೆಲೆಯನ್ನಲ್ಲ, ಮರಿಯ ಬೆಲೆಯನ್ನು ಲೆಕ್ಕ ಹಾಕಬೇಕು.

ಕಾವುಪೆಟ್ಟಿಗೆಯು ಮಾನವನ ಇತ್ತೀಚಿನ ಕಲ್ಪನೆಯಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನವರು ಗೂಡುಗಳನ್ನು ಕಟ್ಟಿ, ಮಂದವಾದ ಬೆಂಕಿಯ ಕಾವಿನಿಂದ ಮರಿ ಮಾಡಿಸುತ್ತಿದ್ದರು. ಉಷ್ಣತಾಮಾಪಕವಿಲ್ಲದ ಆ ಕೆಲಸಗಾರರು ಮೊಟ್ಟೆಯನ್ನು ಕಣ್ಣರೆಪ್ಪೆಗೆ ತಾಗಿಸಿ ಕಾವನ್ನು ಅಳೆಯುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ರಿಯೋಮ್ಯೂರ್ ಈ ವಿದ್ಯೆಯನ್ನು ಪ್ರಯೋಗಗಳಿಂದ ಪರೀಕ್ಷಿಸಿ ೧೭೪೯ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಯಂತ್ರವು ಗೂಡಿನ ಬದಲಿಗೆ ಬರಬಹುದು. ಆ ರೆಪ್ಪೆಯ ಎಚ್ಚರಕ್ಕೆ ಬದಲಿಲ್ಲ.

ಕರಾವಳಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕಾಗುತ್ತದೆ. ಪೆಟ್ಟಿಗೆಯೊಳಗೆ ಗಾಳಿ ಸುಳಿದಾಡುವಂತಿದ್ದರೆ ಸುಮಾರು ೩೭.೫ ಡಿಗ್ರಿ ಉಷ್ಣತೆಯಿರಬೇಕು. ಹದಿನೆಂಟನೆಯ ದಿನದವರೆಗೆ ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಹೊರಳಿಸಬೇಕು. ಇವೆರಡೂ ಎಲ್ಲ ಊರಿಗೂ ಒಂದೇ. ತೇವಾಂಶದ ಮಾತು ಹಾಗಲ್ಲ. ಇಪ್ಪತ್ತೊಂದು ದಿನಗಳಲ್ಲಿ ಮೊಟ್ಟೆಯು ತನ್ನ ತೂಕದಲ್ಲಿ ಸುಮಾರು ಎಂಟನೆಯ ಒಂದು ಪಾಲನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು. ಆಗಲೇ ಗಾಳಿಕೋಶವು ದೊಡ್ಡದಾಗಿ ಮರಿಗೆ ಉಸಿರಾಡಲು ಎಡೆಯಾಗುತ್ತದೆ. ಯಂತ್ರದೊಡನೆ ಬಂದ ಕೈಪಿಡಿ ‘ತಟ್ಟೆಗೆ ನೀರು ಹಾಕಿರಿ’ ಎನ್ನುತ್ತದೆ. ಅದನ್ನು ಬರೆದವನ ಕಣ್ಣ ಮುಂದಿದ್ದುದು ಒಣಹವೆಯ ನಾಡು. ಆಷಾಢದ ಮಳೆಯಲ್ಲಿ ಗೋಡೆಗಳೇ ಬೆವರುವ ಬೈಂದೂರಿನಲ್ಲಿ ಆ ಮಾತನ್ನು ಅಕ್ಷರಶಃ ಪಾಲಿಸಿದರೆ ಮೊಟ್ಟೆಯ ನೀರು ಆರದೆ, ಬೆಳೆದುನಿಂತ ಮರಿಯು ಹೊರಬರುವ ಹೊತ್ತಿಗೆ ಉಸಿರುಗಟ್ಟಿ ಸಾಯುತ್ತದೆ. ಪುಸ್ತಕದ ಜ್ಞಾನವನ್ನು ನೆಲದ ಗುಣದೊಡನೆ ತಾಳೆ ನೋಡದವನು ತನ್ನ ಶ್ರದ್ಧೆಯಿಂದಲೇ ಹಾನಿ ಮಾಡುತ್ತಾನೆ. ಮೊಟ್ಟೆಗಳನ್ನು ಆಗಾಗ ತೂಗಿ ನೋಡುವುದು, ಬೆಳಕಿಗೆ ಹಿಡಿದು ಗಾಳಿಕೋಶದ ಗಾತ್ರವನ್ನು ಗಮನಿಸುವುದು ಇದಕ್ಕೆ ಪರಿಹಾರ. ಕೊನೆಯ ಮೂರು ದಿನಗಳಲ್ಲಿ ಮಾತ್ರ ಪೊರೆಯು ಒಣಗಿ ಮರಿಗೆ ಅಂಟದಂತೆ ತೇವ ಹೆಚ್ಚಿರಬೇಕು.

ಮಳೆಗಾಲದ ಗಾಳಿಗೆ ಮರ ಉರುಳಿ ವಿದ್ಯುತ್ತು ನಿಲ್ಲುವುದು ಈ ಭಾಗದವರಿಗೆ ಹೊಸದಲ್ಲ. ಪೆಟ್ಟಿಗೆಯನ್ನು ತೆರೆಯದೆ ಕಂಬಳಿ ಹೊದೆಸಿದರೆ ಅಲ್ಪಕಾಲದ ತಂಪನ್ನು ಭ್ರೂಣವು ತಾಳಿಕೊಳ್ಳಬಲ್ಲುದು. ಇಡೀ ರಾತ್ರಿಯ ಕತ್ತಲೆಗೆ ಅದು ಉತ್ತರವಲ್ಲ. ಹೇಂಟೆಗಾದರೋ ತಂತಿಯ ಹಂಗಿಲ್ಲ. ಮೊಟ್ಟೆಗಳನ್ನು ಹೊರಳಿಸುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಮರಿಗಳಾದ ಮೇಲೆ ರೆಕ್ಕೆಯಡಿ ಬೆಚ್ಚಗಿಡುವುದು, ಹೆಕ್ಕಲು ಕಲಿಸುವುದು, ಹದ್ದು ಕಂಡರೆ ಕೂಗಿ ಎಚ್ಚರಿಸುವುದು ಯಾವ ಯಂತ್ರಕ್ಕೂ ತಿಳಿಯದ ಕೆಲಸಗಳು. ಹೆಚ್ಚು ಮೊಟ್ಟೆಯಿಡುವ ತಳಿಗಳಲ್ಲಿ ಕಾವಿಗೆ ಕೂರುವ ಸ್ವಭಾವ ಬಹುಮಟ್ಟಿಗೆ ಅಳಿದುಹೋಗಿದೆ. ಊರಕೋಳಿಯಲ್ಲಿ ಅದು ಉಳಿದಿದೆ. ಆ ಗುಣಕ್ಕೆ ಪೇಟೆಯಲ್ಲಿ ಬೆಲೆಯಿಲ್ಲವೆಂದು ಹಿತ್ತಲಿನಿಂದ ಊರಕೋಳಿಯನ್ನು ಹೊರದೂಡಿದರೆ ಆ ನಷ್ಟವನ್ನು ಯಾವ ಅಂಚೆಯೂ ತುಂಬಿಕೊಡಲಾರದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಕೋಳಿಮರಿಗಳನ್ನು ಗುಂಪುಗುಂಪಾಗಿ ಕೊಲ್ಲುವ ಬಿಳಿಭೇದಿ ರೋಗದ ಅಣುಜೀವಿಯು ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಹೋಗಬಲ್ಲುದು. ಗುರುತಿಲ್ಲದ ಮಂದೆಯ ಮೊಟ್ಟೆಯೊಡನೆ ರೋಗವೂ ಹಿತ್ತಲನ್ನು ಹೊಕ್ಕರೆ ಕಷ್ಟವು ತರಿಸಿಕೊಂಡವನ ಬೇಲಿಯೊಳಗೆ ನಿಲ್ಲದು. ನೆರೆಮನೆಯ ವಿಧವೆಯ ನಾಲ್ಕು ಕೋಳಿಗಳನ್ನೂ ಅದು ಕೊಂಡೊಯ್ಯಬಹುದು. ಹೊಸ ಮರಿಗಳನ್ನು ಕೆಲವು ವಾರ ಬೇರೆಯಾಗಿಡುವುದೂ ಕೊಕ್ಕರೆ ರೋಗಕ್ಕೆ ಸಕಾಲದಲ್ಲಿ ಲಸಿಕೆ ಹಾಕಿಸುವುದೂ ಆದುದರಿಂದ ಕೇವಲ ಸ್ವಂತ ಲಾಭದ ಮಾತಲ್ಲ, ನೆರೆಯವರಿಗೆ ಸಲ್ಲಿಸಬೇಕಾದ ಋಣ.

ಹೊಸ ತಳಿ ಬೇಡವೇ ಎಂದು ಕೇಳಬಹುದು. ಬೇಕು, ಆದರೆ ಮೂಲವು ತಿಳಿದಿರಬೇಕು. ಹಿತ್ತಲ ಸಾಕಣೆಗೆಂದೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಗಿರಿರಾಜ ಕೋಳಿಯನ್ನು ರೂಪಿಸಲಾಯಿತು. ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಿದೆ. ಬ್ರಹ್ಮಾವರದಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥಲ್ಲಿ ವಿಚಾರಿಸದೆ ಚಿತ್ರಕ್ಕೆ ಮರುಳಾಗುವುದು ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಅಲೆದಂತೆ. ದೂರದ ತಳಿಯೇ ಬೇಕೆನಿಸಿದರೆ ತಂಪು ಹವೆಯ ಪುಷ್ಯ, ಮಾಘ ಮಾಸಗಳಲ್ಲಿ ಕೆಲವೇ ಮೊಟ್ಟೆಗಳನ್ನು ತರಿಸಿ, ಕಾವಿಗೆ ಕುಳಿತ ಊರಕೋಳಿಯ ಮಡಿಲಿಗೆ ಒಪ್ಪಿಸುವುದು ವಿವೇಕ. ಹೊಸತು ಹಳತಿನ ಆಸರೆಯಲ್ಲಿ ಬೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಮೊಟ್ಟೆಯನ್ನು ತರಿಸುವುದು ಒಂದು ಗಳಿಗೆಯ ಕೆಲಸ. ಮರಿ ಮಾಡಿಸುವುದು ಇಪ್ಪತ್ತೊಂದು ದಿನಗಳ ವ್ರತ. ಚಿಪ್ಪು ಬಿರಿದ ಮೇಲೂ ಮರಿಯು ಹೊರಬರಲು ಹಲವು ಗಂಟೆಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಅದು ಉಳಿದ ಭಂಡಾರವನ್ನು ಹೊಟ್ಟೆಯೊಳಗೆ ಸೆಳೆದುಕೊಳ್ಳುತ್ತದೆ, ಪೊರೆಯ ನೆತ್ತರು ಅದರ ಮೈಗೆ ಹಿಂದಿರುಗುತ್ತದೆ. ಕನಿಕರದಿಂದ ಚಿಪ್ಪನ್ನು ಸುಲಿಯಹೋದವನ ಕೈಯಲ್ಲಿ ಅದು ನೆತ್ತರು ಸೋರಿ ಸಾಯಬಹುದು. ಹಣ ಕೊಟ್ಟು ಮೊಟ್ಟೆಯನ್ನು ಕೊಳ್ಳಬಹುದು, ಕಾಯುವ ತಾಳ್ಮೆಯನ್ನು ಕೊಳ್ಳಲಾಗದು. ಆ ತಾಳ್ಮೆಯುಳ್ಳವನು ಮಾತ್ರ ಅಂಚೆಯ ಪೆಟ್ಟಿಗೆಯನ್ನು ತರಿಸಿಕೊಳ್ಳಲು ಅರ್ಹನು.