ಕೋವಿಯ ಪರವಾನಗಿಯೂ ನಳಿಗೆಯ ಪರೀಕ್ಷೆಯೂ



ಮೊನ್ನೆ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಕೈಮುಗಿದಾಗ ಎಡಗೈಯಲ್ಲಿ ಎರಡು ಬೆರಳುಗಳಿಲ್ಲದ್ದು ಕಂಡಿತು. ಗದ್ದೆಗಿಳಿದ ಹಂದಿಗಳನ್ನು ಬೆದರಿಸಲು ಅಜ್ಜನ ಕಾಲದ ಕೇಪಿನ ಕೋವಿಯಿಂದ ಈಡು ಹೊಡೆದಾಗ ನಳಿಗೆ ಸೀಳಿತಂತೆ. "ಮಸಿ ಎಷ್ಟು ಹಾಕಿದ್ದೆಯೋ?" ಎಂದೆ. "ಯಾವಾಗಲೂ ನಾಲ್ಕು ಬೆರಳು ಸಾರ್, ಆ ದಿನ ಆರು" ಎಂದ. ಅವನಿಗೆ ಅನಿಲದ ಒತ್ತಡದ ಪಾಠ ಹೇಳಿದವನು ನಾನೇ!

ನಳಿಗೆಗೆ ಇಳಿಸಿದ ಗಜ ಬಾಯಿಯಿಂದ ಎಷ್ಟು ಬೆರಳು ಮೇಲೆ ನಿಂತಿತೆಂದು ನೋಡುವುದೇ ನಮ್ಮ ಮಲೆನಾಡಿನ ತಕ್ಕಡಿ. ಬೆರಳು ಯಾರದು? ಅದರಲ್ಲಿ ಮಸಿಯೆಷ್ಟು, ಚಿಂದಿಯೆಷ್ಟು, ಚರೆಯೆಷ್ಟು? ಮಸಿ ಹೆಚ್ಚಿದಷ್ಟೂ ಈಡು ಬಲವೆಂಬ ನಂಬಿಕೆಯೂ ಸುಳ್ಳು. ಒಂದು ಮಿತಿಯ ನಂತರ ಹೆಚ್ಚುವರಿ ಮಸಿ ಬಹುಪಾಲು ನಳಿಗೆಯ ಹೊರಗೆ ಉರಿದುಹೋಗುತ್ತದೆ. ಹೆಚ್ಚುವುದು ಒತ್ತಡ ಮತ್ತು ಹೆಗಲಿನ ನೋವು. ಈಡು ಮಸಿಯ ಮೇಲೆ ಗಟ್ಟಿಯಾಗಿ ಕೂರದೆ ನಡುವೆ ಸಿಕ್ಕಿಕೊಂಡರಂತೂ ಕಡಿಮೆ ಮಸಿಯೂ ನಳಿಗೆಯನ್ನು ಒಡೆಯಬಲ್ಲುದು.

ನನ್ನ ತಕರಾರು ಇಷ್ಟೇ. ನಮ್ಮ ವ್ಯವಸ್ಥೆ ಮನುಷ್ಯನನ್ನು ಪರೀಕ್ಷಿಸುತ್ತದೆ, ಕಬ್ಬಿಣವನ್ನಲ್ಲ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೇರಿತು. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸುತ್ತೇವೆ. ಸಂಖ್ಯೆ ತಾಳೆಯಾದರೆ ಆಯಿತು. ನಳಿಗೆಯೊಳಗೆ ದೀಪ ಹಿಡಿದು ತುಕ್ಕು ನೋಡಿದವರನ್ನು ನಾನು ಕಂಡಿಲ್ಲ. ಕೊಡವರಿಗೆ 2029ರವರೆಗೆ ಪರವಾನಗಿಯಿಂದ ವಿನಾಯಿತಿಯಿದೆ, ಸಂತೋಷ. ಆದರೆ ಒತ್ತಡದಿಂದ ವಿನಾಯಿತಿ ಕೊಡುವವರು ಯಾರು?

ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ರಾಜಸನ್ನದು ದೊರೆತದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ ಸ್ಥಾಪನೆಯಾದದ್ದು 1813ರಲ್ಲಿ. ಅಲ್ಲಿ ಬಳಕೆಯ ಈಡಿಗಿಂತ ಬೇಕೆಂದೇ ಹೆಚ್ಚು ಮದ್ದು ತುಂಬಿ ಹೊಡೆದು, ಬಳಿಕ ನಳಿಗೆ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ ಎಂದು ನೋಡಿ ಮುದ್ರೆ ಒತ್ತುತ್ತಾರೆ. ಅಮೆರಿಕದಲ್ಲಿ ಇಂಥ ಕೋವಿಗಳಿಗೆ ಸರ್ಕಾರಿ ಪರೀಕ್ಷೆ ಕಡ್ಡಾಯವಲ್ಲ. ಆದರೂ ತಯಾರಕರು ಕೈಪಿಡಿಯಲ್ಲಿ ಗರಿಷ್ಠ ಮದ್ದನ್ನು ತಿಳಿಸುತ್ತಾರೆ. ನಮ್ಮ ಅಟ್ಟದ ಕೋವಿಗಳಿಗೆ ಅದೂ ಇಲ್ಲ, ಇದೂ ಇಲ್ಲ.

"ಮರಕ್ಕೆ ಕಟ್ಟಿ, ದಾರ ಎಳೆದು ನೋಡಿದ್ದೇವಲ್ಲ" ಎನ್ನುವ ಬಂಧುಗಳಿದ್ದಾರೆ. ಒಮ್ಮೆ ಒಡೆಯಲಿಲ್ಲವೆಂದರೆ ಒಳಗೆ ಬಿರುಕು ಬಿಟ್ಟಿಲ್ಲವೆಂದಲ್ಲ. ಮೊದಲೂ ನಂತರವೂ ಅಳೆಯದೆ ಹೊಡೆದದ್ದು ಪರೀಕ್ಷೆಯಲ್ಲ, ಜೂಜು.

ಪರವಾನಗಿ ನವೀಕರಣಕ್ಕೆ ಮುನ್ನ ನಳಿಗೆಯ ತಪಾಸಣೆ ಕಡ್ಡಾಯವಾಗಲಿ. ಗರಿಷ್ಠ ಮಸಿಯನ್ನು ಬೆರಳಿನಲ್ಲಲ್ಲ, ಗ್ರಾಮಿನಲ್ಲಿ ಆ ಪುಸ್ತಕದಲ್ಲೇ ಬರೆಯಲಿ. ತುಕ್ಕು ತಿಂದ ಕೋವಿಯನ್ನು ಠಾಣೆಗೆ ಒಪ್ಪಿಸಲು ನಾಚಿಕೆಯೇಕೆ?

ಅದೇ ಕಮ್ಮಾರನ ಕೈಯ ಇನ್ನೊಂದು ಕೋವಿ ಶಿಷ್ಯನ ತಮ್ಮನ ಮನೆಯಲ್ಲಿದೆಯಂತೆ. ಅದರ ಪರವಾನಗಿ ಕಳೆದ ವರ್ಷವಷ್ಟೇ ನವೀಕರಣಗೊಂಡಿದೆ.