ಬಡ್ಡಿ ಉಣ್ಣುವ ಮರಸಾಗುವಳಿ

ಕನ್ನಡಿಗರಾದ ನಾವು ಯೂಕಲಿಪ್ಟಸ್ ಮರವನ್ನು ‘ನೀಲಗಿರಿ’ ಎಂದೇ ಕರೆಯುತ್ತ ಬಂದಿದ್ದೇವೆ. ಆಸ್ಟ್ರೇಲಿಯದಿಂದ ಬಂದ ಮರಕ್ಕೆ ನಮ್ಮ ನೆರೆಯ ಬೆಟ್ಟಸೀಮೆಯ ಹೆಸರು ಅಂಟಿಕೊಂಡುದು ಸೋಜಿಗವೇ ಸರಿ. ಆ ಬೆಟ್ಟದ ಸ್ವಂತ ಕಾಡು ಬೇರೆಯೇ ಆಗಿತ್ತು. ಎತ್ತರದ ದಿಣ್ಣೆಗಳ ಮೇಲೆ ಹುಲ್ಲುಗಾವಲು, ಕಣಿವೆಯ ಮಡಿಲುಗಳಲ್ಲಿ ಶೋಲಾ ಎಂಬ ದಟ್ಟವಾದ ಕಾಡು. ಇವೆರಡೂ ಕೂಡಿ ಮಳೆಯ ನೀರನ್ನು ಹಿಡಿದಿಟ್ಟು ವರ್ಷವಿಡೀ ತೊರೆಗಳಿಗೆ ಉಣಿಸುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಉದಕಮಂಡಲವು ಪಟ್ಟಣವಾಗಿ ಬೆಳೆದಂತೆ ಸೌದೆಗೆ ಬರ ಬಂದಿತು. ಶೋಲಾ ಮರಗಳು ಬೆಳೆಯುವುದು ಬಹು ನಿಧಾನ. ಆದುದರಿಂದ 1843ರ ಸುಮಾರಿಗೆ ನೀಲಗಿರಿ ಸಸಿಗಳು ಬೆಟ್ಟವನ್ನೇರಿದವು.

ಅದರ ಫಲವೇನಾಯಿತೆಂಬುದನ್ನು ಉದಕಮಂಡಲದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದವರು ಅಳೆದು ನೋಡಿದ್ದಾರೆ. ಗ್ಲೆನ್‌ಮಾರ್ಗನ್ನಿನಲ್ಲಿ ಅಕ್ಕಪಕ್ಕದ ಎರಡು ಪುಟ್ಟ ಕಣಿವೆಗಳನ್ನು ಆರಿಸಿಕೊಂಡು, ಒಂದನ್ನು ಇದ್ದಂತೆಯೇ ಬಿಟ್ಟು, ಇನ್ನೊಂದರ ನೂರಕ್ಕೆ 59ರಷ್ಟು ನೆಲದಲ್ಲಿ 1972ರಲ್ಲಿ ನೀಲಗಿರಿ ನೆಟ್ಟರು. ಮೊದಲ ಹತ್ತು ವರ್ಷಗಳ ಸರದಿಯಲ್ಲಿ ಆ ಕಣಿವೆಯಿಂದ ಹರಿದು ಬರುವ ನೀರು ನೂರಕ್ಕೆ 16ರಷ್ಟು ಕುಗ್ಗಿತು. ಕಡಿದ ಬೊಡ್ಡೆಗಳಿಂದ ಚಿಗುರಿದ ಎರಡನೆಯ ಸರದಿಯಲ್ಲಿ ಕುಗ್ಗಿದ್ದು ನೂರಕ್ಕೆ 25ರಷ್ಟು. ಬೇರುಗಳು ಮೊದಲೇ ಆಳಕ್ಕಿಳಿದಿದ್ದುದರಿಂದ ಹೊಸ ಚಿಗುರಿಗೆ ನೀರು ಹೀರಲು ತಡವಾಗಲಿಲ್ಲ.

ಹಾಗಾದರೆ ಮರ ಬೆಳೆದು ಮಾರುವುದೇ ತಪ್ಪೇ? ಅಲ್ಲವೆಂಬುದಕ್ಕೆ ಗೂಡಲೂರಿನ ಬಳಿ ನಾವು ನೋಡಿಬಂದ ಒಂದು ಕುಟುಂಬದ ತೋಟವೇ ಸಾಕ್ಷಿ. ಕಾಫಿಯ ಮೇಲೆ ನೆರಳಿಗೆ ಸಿಲ್ವರ್ ಓಕ್, ಅದರ ನೆಟ್ಟನೆಯ ಬೊಡ್ಡೆಗೆ ಹಬ್ಬಿದ ಮೆಣಸಿನ ಬಳ್ಳಿ, ನಡುನಡುವೆ ಹಲಸು, ಹೊನ್ನೆ, ಬೀಟೆ. ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯದ್ದೇ ಎಂಬುದು ಮನೆಯ ಯಜಮಾನರಿಗೆ ತಿಳಿಯದ ಸಂಗತಿಯಲ್ಲ. ಆದುದರಿಂದಲೇ ಅದೊಂದನ್ನೇ ನೆಡದೆ ಸ್ಥಳೀಯ ಮರಗಳನ್ನೂ ಬಿಟ್ಟುಕೊಂಡಿದ್ದಾರೆ. ತೊರೆಯ ಎರಡೂ ದಡಗಳಲ್ಲಿ ಕೊಡಲಿ ಇಡುವುದಿಲ್ಲ. ಸವರಿದ ರೆಂಬೆ, ಉದುರಿದ ಎಲೆಗಳು ಅಲ್ಲಿಯೇ ಕೊಳೆತು ಗೊಬ್ಬರವಾಗುತ್ತವೆ.

ಅವರ ಲೆಕ್ಕದ ಪುಸ್ತಕವನ್ನು ನಾವು ಕುತೂಹಲದಿಂದ ನೋಡಿದೆವು. ಪ್ರತಿ ಮರಕ್ಕೂ ಒಂದು ಸಂಖ್ಯೆ. ಎದೆಮಟ್ಟದಲ್ಲಿ ಅಳೆದ ಸುತ್ತಳತೆ ವರ್ಷಕ್ಕೊಮ್ಮೆ ದಾಖಲು. ತತ್ತ್ವ ಬಹು ಸರಳ. ಒಂದು ಮರ ಕಡಿಯಲು ಯೋಗ್ಯವಾಗಲು 25 ವರ್ಷ ಬೇಕೆಂದಿಟ್ಟುಕೊಳ್ಳಿ. ಬೇರೆ ಬೇರೆ ವಯಸ್ಸಿನ 250 ಮರಗಳಿದ್ದರೆ ವರ್ಷಕ್ಕೆ ಹತ್ತನ್ನು ಕಡಿಯಬಹುದು, ಅದಕ್ಕಿಂತ ಹೆಚ್ಚಲ್ಲ. ಕಡಿದ ಜಾಗದಲ್ಲಿ ಸಸಿ ನೆಟ್ಟು ಬದುಕಿಸಿಕೊಂಡರೆ ತೋಪು ಎಂದಿಗೂ ಬರಿದಾಗದು. ಸಾಲ ಕೊಟ್ಟವನು ಬಡ್ಡಿಯನ್ನು ಉಂಡು ಅಸಲನ್ನು ಕಾಯ್ದುಕೊಳ್ಳುವಂತೆಯೇ ಇದು. ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿಗಳ ಆಡಳಿತ ನೋಡುತ್ತಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿಯೇ ಈ ವಿಚಾರವನ್ನು ಗ್ರಂಥವಾಗಿ ಬರೆದನು. ಅಲ್ಲಿಯೂ ಲೋಹ ಕರಗಿಸುವ ಕುಲುಮೆಗಳು ಕಾಡನ್ನು ನುಂಗಿ, ಮರದ ಅಭಾವ ತಲೆದೋರಿದ್ದೇ ಕಾರಣ.

ಆದರೆ ಈ ಮನೆಯಲ್ಲಿಯೂ ಚಿಂತೆಯಿಲ್ಲದಿಲ್ಲ. ಮಗನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಆಳು ಸಿಗುವುದು ಕಷ್ಟ, ಮೆಣಸಿಗೆ ರೋಗ, ಕಾಫಿಯ ಧಾರಣೆ ಏರಿಳಿತ. ಸಿಲ್ವರ್ ಓಕನ್ನೆಲ್ಲ ಪ್ಲೈವುಡ್ ಕಾರ್ಖಾನೆಗೆ ಮಾರಿ, ಆರೈಕೆ ಬೇಡದ ನೀಲಗಿರಿಯನ್ನು ಹಾಕಿಬಿಟ್ಟರೆ ತಂದೆತಾಯಿಗೆ ವಿಶ್ರಾಂತಿಯಾದೀತೆಂಬುದು ಅವನ ಮಾತು. ಅದರಲ್ಲಿ ಪ್ರೀತಿಯಿದೆ, ಹುರುಳೂ ಇದೆ. ಯಜಮಾನರು ಕೋಪಗೊಳ್ಳಲಿಲ್ಲ. “ಒಂದೇ ಸಲ ಕಡಿದರೆ ದುಡ್ಡು ಬರುತ್ತೆ ಸ್ವಾಮಿ, ಆದರೆ ಕೆಳಗಿನ ಮನೆಯವರು ಕುಡಿಯೋದು ಈ ತೊರೆಯ ನೀರನ್ನೇ” ಎಂದಷ್ಟೇ ಅಂದರು. ತಂದೆಮಕ್ಕಳ ಈ ಮಾತುಕತೆ ಇನ್ನೂ ಮುಗಿದಿಲ್ಲ.

ಇಂತಹ ತೋಟ ಮಾಡಬಯಸುವವರು ಕಾಯಿದೆಯನ್ನೂ ತಿಳಿದಿರತಕ್ಕದ್ದು. ನೀಲಗಿರಿ ಜಿಲ್ಲೆಯಲ್ಲಿ ಸ್ವಂತ ಪಟ್ಟಾ ಜಮೀನಿನ ಮರವಾದರೂ ಮನಬಂದಂತೆ ಕಡಿಯುವಂತಿಲ್ಲ. 1955ರ ಬೆಟ್ಟಪ್ರದೇಶಗಳ ಮರ ಸಂರಕ್ಷಣಾ ಕಾಯಿದೆಯ ಮೇರೆಗೆ ಅನುಮತಿ ಪಡೆಯಬೇಕು. ಅರ್ಜಿ, ತನಿಖೆ, ಕಾಯುವಿಕೆ ಇವು ಬೇಸರ ತರುವುದು ನಿಜ. ಆದರೂ ಇಳಿಜಾರಿನಲ್ಲಿ ಬೇರು ಸಡಿಲಗೊಂಡರೆ ಮಳೆಗಾಲದಲ್ಲಿ ಜಾರಿ ಬರುವ ಮಣ್ಣು ಯಾರ ಪಟ್ಟಾ ಎಂದು ಕೇಳುವುದಿಲ್ಲ.

ನಮ್ಮ ವಾಚಕರಲ್ಲಿ ಅನೇಕರು ಗಡಿಯ ಈಚೆ ನೆಲೆಸಿ, ಹಿರಿಯರ ತುಂಡು ಭೂಮಿಯನ್ನು ಊರಿನಲ್ಲಿ ಬಿಟ್ಟಿದ್ದೀರಿ. ಮಾರುವುದೋ, ನೀಲಗಿರಿ ನೆಡುವುದೋ, ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ನಿಮ್ಮ ಮನೆಗಳಲ್ಲಿಯೂ ಎದ್ದಿರಬಹುದು. ನಿರ್ಧಾರ ನಿಮ್ಮದು. ಆದರೆ ಅದಕ್ಕೆ ಮುಂಚೆ, ಮುಂದಿನ ಸಲ ಊರಿಗೆ ಹೋದಾಗ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹಿರಿಯರೊಡನೆ ಜಮೀನಿನ ಎಲ್ಲೆಯನ್ನೊಮ್ಮೆ ಸುತ್ತಿ ಬನ್ನಿ. ಯಾವ ಮರ ಯಾರು ನೆಟ್ಟದ್ದು, ಅದರ ಹೆಸರೇನು, ನೀರಿನ ಸೆಲೆ ಎಲ್ಲಿದೆ ಎಂಬುದನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಅಸಲೆಷ್ಟೆಂದು ತಿಳಿದ ಮೇಲೆ ಬಡ್ಡಿಯ ಲೆಕ್ಕ ಹಾಕಲು ಅಡ್ಡಿಯಿಲ್ಲ.