ಪ್ರೌಢಶಾಲಾ ಮಕ್ಕಳಿಗೆ ವಿಜ್ಞಾನದ ಅನುಭವ: ಸುದ್ದಿ ಮುಟ್ಟುವಾಗಲೇ ತಡ

ಎಸೆಸೆಲ್ಸಿಯಲ್ಲಿ ವಿಜ್ಞಾನಕ್ಕೆ ತೊಂಬತ್ತು ಅಂಕ ತೆಗೆದ ಮಕ್ಕಳಲ್ಲೂ ಹೆಚ್ಚಿನವರು ಪ್ರಯೋಗಾಲಯದಲ್ಲಿ ದಿನವಿಡೀ ಏನು ಕೆಲಸ ನಡೆಯುತ್ತದೆಂದು ಕಂಡವರಲ್ಲ. ತಂದೆ ಇಂಜಿನಿಯರ್ ಆಗಿದ್ದರೆ ಮನೆಯಲ್ಲೇ ದಾರಿ ಸಿಗುತ್ತದೆ. ಬೋಟಿಗೆ ಹೋಗುವವರ, ಬೀಡಿ ಕಟ್ಟುವವರ ಮಕ್ಕಳಿಗೆ ಹೇಳುವವರು ಯಾರು?

ಇಸ್ರೋ 2019ರಲ್ಲಿ ಆರಂಭಿಸಿದ ‘ಯುವಿಕಾ’ ಶಿಬಿರವನ್ನೇ ನೋಡಿ. ಸುಮಾರು ಎರಡು ವಾರ ಇಸ್ರೋ ಕೇಂದ್ರದಲ್ಲಿ ವಿಜ್ಞಾನಿಗಳ ಜತೆ ಕಲಿಯುವ ಅವಕಾಶ. ಪ್ರಯಾಣ, ಊಟ, ವಸತಿಯ ಖರ್ಚು ಇಸ್ರೋದ್ದೇ. ಆಯ್ಕೆಯಲ್ಲಿ ಗ್ರಾಮೀಣ ಶಾಲೆಯವರಿಗೆ ವಿಶೇಷ ಅಂಕವೂ ಉಂಟು. ಆದರೆ ಇದು ಒಂಬತ್ತನೇ ತರಗತಿಯವರಿಗೆ ಮಾತ್ರ, ಮುಖ್ಯ ಆಧಾರ ಎಂಟನೆಯ ಅಂಕ. ಹತ್ತಕ್ಕೆ ಬಂದ ಮೇಲೆ ಸುದ್ದಿ ಕೇಳಿ ಪ್ರಯೋಜನವಿಲ್ಲ. ಏಳು-ಎಂಟರಲ್ಲೇ ಹೆತ್ತವರಿಗೆ ವಿಷಯ ಮುಟ್ಟಿಸಬೇಕು. ವೈಸಿಎಸ್ ಘಟಕಗಳು ಇದನ್ನು ಸುಲಭವಾಗಿ ಮಾಡಬಹುದು.

ಎಲ್ಲರಿಗೂ ಇಸ್ರೋ ಸಿಗದು, ನಿಜ. ಪಿಲಿಕುಳದ ವಿಜ್ಞಾನ ಕೇಂದ್ರ ಹತ್ತಿರವಿದೆ. ಅಲ್ಲಿಗೆ ಪಿಕ್‌ನಿಕ್ ಹೋಗಿ ಬಂದರೆ ಮಾತ್ರ ಸಾಲದು. ಪ್ರತಿ ಚರ್ಚಿನಲ್ಲೂ ಲ್ಯಾಬ್ ಟೆಕ್ನೀಷಿಯನ್, ಬೋಟ್ ಇಂಜಿನ್ ಮೆಕ್ಯಾನಿಕ್, ಸಾಫ್ಟ್‌ವೇರ್ ಕೆಲಸದವರು ಇದ್ದಾರೆ. ರಜೆಯಲ್ಲಿ ನಾಲ್ಕು ದಿನ ಇಬ್ಬರು ಮಕ್ಕಳನ್ನು ಜತೆಗೆ ಕರೆದೊಯ್ಯಲು ಅವರನ್ನು ಕೇಳಬಹುದು. ಒಂದು ಎಚ್ಚರಿಕೆ: 2016ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಹದಿನಾಲ್ಕು ತುಂಬದವರನ್ನು ದುಡಿಮೆಗೆ ಇಟ್ಟುಕೊಳ್ಳುವುದು ಅಪರಾಧ, ಹದಿನೆಂಟರವರೆಗೆ ಅಪಾಯಕಾರಿ ಕೆಲಸ ಸಲ್ಲದು. ಮಕ್ಕಳು ನೋಡಲಿ, ಪ್ರಶ್ನೆ ಕೇಳಲಿ. ಸ್ಪ್ಯಾನರ್ ಹಿಡಿಸಿ ದುಡಿಸುವುದು ಬೇಡ.